ಒಬ್ಬರೇ ಹೋಗುವ ಹಾಯಿದೋಣಿ



ಮರೀನ್ ಡ್ರೈವ್ ಕಟ್ಟೆಯ ಮೇಲೆ ಕೂತು ನೋಡುವಾಗ ದೂರದ ಹಾಯಿದೋಣಿ ಎಷ್ಟು ಚೆಂದ, ಅಲ್ಲವೇ? ಅದರಲ್ಲಿ ಒಬ್ಬರೇ ಹೋಗಬೇಕಾದರೆ ಏನೇನು ಬೇಕು? ಇವತ್ತು ಆ ಮಾತು.

ನೌಕಾಪಡೆಯ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ನಮ್ಮ ಮುಂಬೈಯಿಂದ ಒಬ್ಬರೇ ಹೊರಟರು. ಎಲ್ಲೂ ನಿಲ್ಲದೆ ಭೂಮಿ ಸುತ್ತಿ 2013ರ ಮಾರ್ಚ್ 31ರಂದು ಮರಳಿದರು. ದೋಣಿಯ ಹೆಸರು ಮ್ಹಾದೇಯಿ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ಹೊಳೆಯ ಹೆಸರೇ ಅದು.

ಒಂಟಿ ನಾವಿಕನಿಗೆ ಬಿರುಗಾಳಿಗಿಂತ ದೊಡ್ಡ ಭಯ ಕಾಲು ಜಾರುವುದು. 5 ನಾಟ್ ವೇಗದ ದೋಣಿ ಒಂದು ನಿಮಿಷದಲ್ಲಿ ಸುಮಾರು 150 ಮೀಟರ್ ಮುಂದೆ ಹೋಗಿಬಿಡುತ್ತದೆ. ಅದನ್ನು ತಿರುಗಿಸಿ ತರುವವರು ಯಾರು? ಅದಕ್ಕೇ ದೋಣಿಯ ಉದ್ದಕ್ಕೂ ಒಂದು ಗಟ್ಟಿ ಪಟ್ಟಿ ಬಿಗಿದು, ಎದೆಗೆ ಹಾಕಿಕೊಂಡ ಬೆಲ್ಟಿನ ಹಗ್ಗವನ್ನು ಅದಕ್ಕೆ ಸಿಕ್ಕಿಸಬೇಕು. ಕ್ಯಾಬಿನ್‌ನಿಂದ ಹೊರಗೆ ಕಾಲಿಡುವ ಮೊದಲೇ ಸಿಕ್ಕಿಸಬೇಕು. ಹಗ್ಗ ಗಿಡ್ಡವಾಗಿರಲಿ. ನೀರು ಮುಟ್ಟುವಷ್ಟು ಉದ್ದವಿದ್ದರೆ ದೋಣಿ ನಮ್ಮನ್ನು ಎಳೆದುಕೊಂಡೇ ಓಡುತ್ತದೆ.

ಎರಡನೆಯದು, ಚುಕ್ಕಾಣಿ ಹಿಡಿಯಲು ಇನ್ನೊಂದು ಕೈ. ವಿಂಡ್ ವೇನ್ ಎಂಬ ಸಾಧನಕ್ಕೆ ಕರೆಂಟು ಬೇಡ. ಗಾಳಿಯ ದಿಕ್ಕಿಗೆ ತಕ್ಕಂತೆ ದೋಣಿಯನ್ನು ನಡೆಸುತ್ತದೆ. ಹಾಯಿ ಇಳಿಸುವ ಹಗ್ಗಗಳೂ ಚುಕ್ಕಾಣಿಯ ಹತ್ತಿರವೇ ಕೈಗೆ ಸಿಗುವಂತಿದ್ದರೆ, ಅಲೆಗಳ ನಡುವೆ ಕಂಬದವರೆಗೆ ಹೋಗುವ ಸಂದರ್ಭ ಕಡಿಮೆ.

ಮೂರನೆಯದು, ಕೂಗು ಮುಟ್ಟಿಸುವ ಸಾಧನ. 2018ರ ಸೆಪ್ಟೆಂಬರ್‌ನಲ್ಲಿ, ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ಟೋಮಿಯವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿತು. ಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು, ಏಳಲಾಗಲಿಲ್ಲ. ಉಪಗ್ರಹದ ಮೂಲಕ ಕಳಿಸಿದ ಪುಟ್ಟ ಸಂದೇಶಗಳು ಮತ್ತು ಅಪಾಯಸೂಚಕ ಬೀಕನ್ ಅವರಿದ್ದ ಜಾಗ ತಿಳಿಸಿದವು. ಮೂರನೆಯ ದಿನ ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ಎತ್ತಿಕೊಂಡಿತು. 2023ರ ಏಪ್ರಿಲ್‌ನಲ್ಲಿ ಇದೇ ಸ್ಪರ್ಧೆಯ ಮುಂದಿನ ಆವೃತ್ತಿಯನ್ನು ಅವರು ಎರಡನೆಯವರಾಗಿ ಮುಗಿಸಿದರು!

ನಮ್ಮ ಸುತ್ತಲಿನ ಸಮುದ್ರದಲ್ಲಿ ಇಂಥ ಬೀಕನ್ ಮಿಡಿದರೆ, ಅದರ ಸುದ್ದಿ ಉಪಗ್ರಹದ ಮೂಲಕ ತಲುಪುವುದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ. ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ. ಆದರೆ ಬೀಕನ್ ಕೊಂಡರೆ ಸಾಲದು, ಅದನ್ನು ನೋಂದಾಯಿಸಿ ಮನೆಯವರ ಫೋನ್ ನಂಬರು ಕೊಟ್ಟಿರಬೇಕು. ಹೊರಟ ಹೊತ್ತು, ಹೋಗುವ ದಾರಿ, ಮರಳುವ ಹೊತ್ತು ಮನೆಯಲ್ಲೊಬ್ಬರಿಗೆ ಗೊತ್ತಿರಬೇಕು. ಅಲ್ಲಿಂದ ಫೋನ್ ಬಂದಾಗ "ಹೌದು, ನಮ್ಮವರು ಸಮುದ್ರದಲ್ಲಿದ್ದಾರೆ" ಎಂದು ಹೇಳಲು ಯಾರಾದರೂ ಇರಬೇಕಲ್ಲ?