ಹಾಡಿನೊಳಗಿನ ನಗು



ಮುಂದಕ್ಕೆ ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಪಕ್ಕೆಲುಬುಗಳು ಮುಗಿಯುವಲ್ಲಿ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಳ್ಳಿ. 'ಆ' ಎಂದು ಒಂದೇ ಶ್ರುತಿಯಲ್ಲಿ ಎಳೆಯಿರಿ. ಕೈ ನಿಧಾನವಾಗಿ, ಒಂದೇ ಸಮನೆ ಒಳಕ್ಕೆ ಸರಿಯುತ್ತದೆ. ಈಗ ಅದೇ ಶ್ರುತಿಯಲ್ಲಿ 'ಹ ಹ ಹ ಹ' ಎಂದು ನಕ್ಕು ನೋಡಿ. ಕೈ ಕುಲುಕುತ್ತದೆ, ಶ್ರುತಿ ಜಾರುತ್ತದೆ, ಉಸಿರು ಬೇಗನೆ ಮುಗಿಯುತ್ತದೆ. ಹಾಡಿಗೂ ನಗುವಿಗೂ ಬಳಕೆಯಾಗುವುದು ಹೊರಗೆ ಬಿಡುವ ಉಸಿರೇ. ಹಾಡುಗಾರ ಅದನ್ನು ಜಿಪುಣನಂತೆ ಖರ್ಚು ಮಾಡುತ್ತಾನೆ, ನಗುವವನು ದುಂದುಗಾರ. ಈ ಇಬ್ಬರನ್ನೂ ಒಂದೇ ಗಂಟಲಿನಲ್ಲಿ ಕೂಡಿಸುವುದು ಹೇಗೆ? ಹಳೆಯ ಹಿಂದಿ ಚಿತ್ರಗೀತೆಗಳಲ್ಲಿ, ನಮ್ಮ ಕನ್ನಡ ಹಾಡುಗಳಲ್ಲಿಯೂ, ಹಾಡುತ್ತ ಹಾಡುತ್ತಲೇ ನಕ್ಕು, ನಕ್ಕ ಉಸಿರಿನಲ್ಲೇ ಮತ್ತೆ ತಾಳಕ್ಕೆ ಬಂದು ಸೇರುವ ಗಾಯಕರಿದ್ದಾರೆ. ಇಂದಿನ ಮಾತು ಅವರ ಕುರಿತು.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಹುಲಿಹೈದರದಲ್ಲಿ. ಕೊಪ್ಪಳ ಜಿಲ್ಲೆಯ ಈ ಊರು ಈಗ ಕನಕಗಿರಿ ತಾಲ್ಲೂಕಿನಲ್ಲಿದೆ. ಮೊದಲು ಗಂಗಾವತಿ ತಾಲ್ಲೂಕಿಗೆ ಸೇರಿತ್ತು. ಎರಡು ವರ್ಷಗಳ ಹಿಂದೆ ಮಕ್ಕಳ ಹಾಡುಗಳನ್ನು ಮುದ್ರಿಸಿಕೊಳ್ಳಲು ನಾವು ಅಲ್ಲಿಗೆ ಹೋಗಿದ್ದೆವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಳೆಯ ಹಿಂದಿ ಚಿತ್ರವೊಂದರ ಆಶಾ ಭೋಂಸ್ಲೆಯವರ ಹಾಡನ್ನು ಆರಿಸಿಕೊಂಡಿದ್ದಳು. ಹಾಡಿನ ನಡುವೆ ಎರಡು ಕಡೆ ನಗು ಬರುತ್ತದೆ. ತಾಲೀಮಿನಲ್ಲಿ ಆಕೆ ಮೊದಲ ನಗುವನ್ನು ಬಿಟ್ಟಳು ನೋಡಿ, ನನ್ನ ಮುಂದಿದ್ದ ಯಂತ್ರದ ಮಾಪಕ ಕೆಂಪಿಗೆ ಹೋಯಿತು. ತಬಲಾ ನುಡಿಸುತ್ತಿದ್ದ ಹುಡುಗ ತಾನೂ ನಕ್ಕು ತಾಳ ತಪ್ಪಿದ. ನಾನು ಕೈ ಎತ್ತಿ ನಿಲ್ಲಿಸಿದೆ.

"ಹಾಡು ಚೆನ್ನಾಗಿದೆಯಮ್ಮ. ಆ ನಗು ಮಾತ್ರ ಬೇಡ. ಅಲ್ಲಿ 'ಲ ಲ ಲ' ಅಂತ ಹಾಡಿಬಿಡು" ಎಂದೆ.

ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ಆತ್ರಿ ಸರ್. ನಮ್ಮವ್ವನೂ ಹಂಗ ಅಂತಾಳ್ರಿ, ಹಲ್ಲು ಕಾಣಂಗ ನಗಬ್ಯಾಡಂತ" ಎಂದಳು.

'ಲ ಲ ಲ' ಎಂದು ಹಾಡಿದಳು. ಮುದ್ರಣ ಶುದ್ಧವಾಗಿ ಬಂತು, ಪ್ರಸಾರವೂ ಆಯಿತು. ಸಂಕಲನದ ಕೋಣೆಯಲ್ಲಿ ಕೇಳುವಾಗಲೇ ನನಗೆ ಹಾಡು ಸಪ್ಪೆ ಎನಿಸಿತ್ತು. ಆದರೂ ನಾನು ಅದನ್ನು ಹಾಗೆಯೇ ಕಳಿಸಿದೆ.

ನಾನು ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಆದ್ದರಿಂದ ನಗು ಎಂದರೆ ಧ್ವನಿಯ ದೃಷ್ಟಿಯಿಂದ ಏನು ಎಂಬುದನ್ನು ಮೊದಲು ನೋಡೋಣ. ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಜನರ ನಗುವನ್ನು ಮುದ್ರಿಸಿ ಅಳೆದರು. ನಗುವಿನ ಒಂದೊಂದು 'ಹ' ಸುಮಾರು 75 ಮಿಲಿಸೆಕೆಂಡ್ ಇರುತ್ತದೆ. ಒಂದು 'ಹ' ಆರಂಭವಾದ ಸುಮಾರು 210 ಮಿಲಿಸೆಕೆಂಡಿಗೆ ಇನ್ನೊಂದು ಬರುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚು ಕಡಿಮೆ ಐದು. ಇದು ಸಂಗೀತಕ್ಕೆ ಅನುಕೂಲವಾದ ವೇಗ. ಕೆಹರ್ವಾ ತಾಳದ 8 ಮಾತ್ರೆಗಳನ್ನು ಒಂದೂಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಕಡಿಮೆ ಅವಧಿಯಲ್ಲಿ ನುಡಿಸಿದರೆ, ಮನುಷ್ಯನ ಸಹಜ ನಗು ಮಾತ್ರೆಗೊಂದರಂತೆ ಅದರ ಮೇಲೆ ಕುಳಿತುಕೊಳ್ಳುತ್ತದೆ. ಚುರುಕು ನಡಿಗೆಯ ಹಾಡಿನಲ್ಲಿ ನಗು ಒಗ್ಗುತ್ತದೆ, ವಿಳಂಬದಲ್ಲಿ ಒಗ್ಗುವುದಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನ್ನ ಊಹೆ.

ತೊಂದರೆ ಬೇರೆ ಕಡೆ ಇದೆ. ಸಹಜವಾದ ನಗು ಜೋರಾಗಿ ಹುಟ್ಟಿ ಕ್ರಮೇಣ ಕ್ಷೀಣಿಸುತ್ತದೆ, ಏಕೆಂದರೆ ಗಾಳಿ ಮುಗಿಯುತ್ತಿರುತ್ತದೆ. ಹಾಡಾದರೋ ಬಹಳ ಸಲ ಸಮ್‌ನ ಕಡೆಗೆ ಏರುತ್ತ ಹೋಗಬೇಕು. ಅಲ್ಲದೆ ನಗುವಿನ ಶ್ರುತಿ ಮಾತಿನ ಶ್ರುತಿಗಿಂತ ಬಹಳ ಮೇಲೆ, ಸುಮಾರು ಎರಡರಷ್ಟು ಕಂಪನದಲ್ಲಿ ಇರುತ್ತದೆ. ಹೆಂಗಸರ ಮಾತಿನ ದನಿ ಸೆಕೆಂಡಿಗೆ ಸುಮಾರು 200 ಕಂಪನವಾದರೆ ನಗು 400ರ ಆಸುಪಾಸಿಗೆ ಹೋಗುತ್ತದೆ, ಅಲ್ಲಿಂದಲೂ ಚಿಮ್ಮುತ್ತದೆ. ನನ್ನ ಮಾಪಕ ಕೆಂಪಿಗೆ ಹೋದದ್ದು ಅದಕ್ಕೇ. ಹುಡುಗಿಯ ತಪ್ಪಲ್ಲ; ನಗುವಿಗೆಂದು ಸ್ವಲ್ಪ ಜಾಗ ಉಳಿಸಿ ಮಟ್ಟವನ್ನು ಹೊಂದಿಸಿಕೊಳ್ಳದಿದ್ದವನು ನಾನು.

ಪ್ರೊವೈನ್ ಗಮನಿಸಿದ ಇನ್ನೊಂದು ಸಂಗತಿ ಇದೆ. ಮಾತನಾಡುವಾಗ ನಾವು ಪದದ ನಡುವೆ ನಗುವುದು ಅಪರೂಪ. ವಾಕ್ಯ ಮುಗಿದ ಕಡೆ, ಬರವಣಿಗೆಯಲ್ಲಿ ಅಲ್ಪವಿರಾಮ ಪೂರ್ಣವಿರಾಮ ಹಾಕುವ ಕಡೆ ನಗುತ್ತೇವೆ. ಹಾಡುಗಳನ್ನು ಕೇಳಿ ನೋಡಿ: ಹೆಚ್ಚಿನ ಹಾಡುಗಳಲ್ಲಿಯೂ ನಗು ಸಾಲಿನ ಕೊನೆಗೇ ಬರುತ್ತದೆ. ಪದದ ಹೊಟ್ಟೆಯೊಳಗೇ ನಗುವನ್ನು ತರುವವರು ಕೆಲವೇ ಮಂದಿ. ಅದಕ್ಕಿಂತಲೂ ಸೂಕ್ಷ್ಮವಾದದ್ದು ಮುಗುಳ್ನಗೆ. ತುಟಿಗಳು ಅಗಲವಾದಾಗ ಧ್ವನಿ ಹೊರಬರುವ ದಾರಿ ತುಸು ಗಿಡ್ಡವಾಗುತ್ತದೆ, ಸ್ವರದ ಬಣ್ಣ ತಿಳಿಯಾಗುತ್ತದೆ. ಮುಖ ಕಾಣದಿದ್ದರೂ ಫೋನಿನಲ್ಲಿ ಮಾತನಾಡುತ್ತಿರುವವರು ನಗುತ್ತಿದ್ದಾರೆಂದು ನಮಗೆ ತಿಳಿಯುವುದು ಹೀಗೆ. ಹಾಡಿನಲ್ಲೂ ಅಷ್ಟೆ.

ನಗುವನ್ನು ಹಾಡಿಗೆ ಹೆಣೆಯುವುದು ಸಿನಿಮಾದವರು ಕಂಡುಹಿಡಿದದ್ದಲ್ಲ. ವಿಯೆನ್ನಾದಲ್ಲಿ 1874ರಲ್ಲಿ ರಂಗಕ್ಕೆ ಬಂದ ಯೋಹಾನ್ ಸ್ಟ್ರೌಸನ ಸಂಗೀತ ನಾಟಕವೊಂದರಲ್ಲಿ ಮನೆಗೆಲಸದ ಹುಡುಗಿ ವೇಷ ಬದಲಿಸಿ ಸಂತೋಷಕೂಟಕ್ಕೆ ಹೋಗುತ್ತಾಳೆ. ಅಲ್ಲಿ ತನ್ನನ್ನು ಗುರುತು ಹಿಡಿಯಹೊರಟ ಒಡೆಯನನ್ನೇ ನೋಡಿ ನಗುತ್ತಾಳೆ. ಆ ನಗುವನ್ನು ಸ್ಟ್ರೌಸ್ ಸ್ವರಗಳಲ್ಲೇ ಬರೆದಿಟ್ಟಿದ್ದಾನೆ. ಧ್ವನಿಮುದ್ರಣದ ಚರಿತ್ರೆಯ ಆರಂಭದಲ್ಲಿಯೂ ಒಂದು ನಗುವಿದೆ. ಅಮೆರಿಕದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಜಾರ್ಜ್ ಜಾನ್ಸನ್ ಎಂಬ ಕರಿಯ ಗಾಯಕ 1890ರ ದಶಕದಲ್ಲಿ ತಾಳಕ್ಕೆ ಸರಿಯಾಗಿ ನಗುವ ಹಾಡೊಂದರಿಂದ ಪ್ರಸಿದ್ಧನಾದ. ಆಗ ಮೇಣದ ಕೊಳವೆಗಳ ಮೇಲೆ ಮುದ್ರಿಸುತ್ತಿದ್ದರು, ನಕಲು ತೆಗೆಯುವ ಅನುಕೂಲ ಕಡಿಮೆ. ಆದ್ದರಿಂದ ಅದೇ ಹಾಡನ್ನು, ಅದೇ ನಗುವನ್ನು ಆತ ದಿನಕ್ಕೆ ಹತ್ತಾರು ಬಾರಿ ಹೊಸದಾಗಿ ಹಾಡಬೇಕಾಗಿತ್ತು. ಹಾಡಿನ ಮಾತುಗಳು ಕರಿಯ ಜನರನ್ನೇ ಹಾಸ್ಯ ಮಾಡುವಂಥವು. ಕೂಲಿಗಾಗಿ ತನ್ನವರ ಮೇಲಿನ ಹಾಸ್ಯಕ್ಕೆ ತಾನೇ ನಗುತ್ತಿದ್ದ ಆ ಮನುಷ್ಯನ ದನಿ ಈಗಲೂ ಕೇಳಲು ಸಿಗುತ್ತದೆ. ನನಗಂತೂ ಅದನ್ನು ಪೂರ್ತಿ ಕೇಳುವುದು ಕಷ್ಟ.

ನಮ್ಮಲ್ಲಿ ಭರತನ ನಾಟ್ಯಶಾಸ್ತ್ರ ನಗುವನ್ನು ಆರು ಬಗೆಯಾಗಿ ವಿಂಗಡಿಸಿದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮ ಪಾತ್ರಗಳಿಗೆ, ನಡುವಿನವು ಮಧ್ಯಮರಿಗೆ, ಕೊನೆಯವು ಅಧಮರಿಗೆ. ಸ್ಮಿತದಲ್ಲಿ ಹಲ್ಲು ಕಾಣಬಾರದು. ಹುಲಿಹೈದರದ ಆ ತಾಯಿ ನಾಟ್ಯಶಾಸ್ತ್ರ ಓದಿರಲಾರರು; ಆದರೂ ಮಾತು ಅದೇ. ನಗುವ ಹೆಂಗಸನ್ನು ನಂಬಬಾರದೆಂಬ ಗಾದೆಯೂ ನಮ್ಮಲ್ಲಿದೆಯಲ್ಲ.

ಹಿಂದಿ ಚಿತ್ರಗಳೂ ಬಹುಮಟ್ಟಿಗೆ ಇದೇ ವಿಂಗಡಣೆಯನ್ನು ಪಾಲಿಸಿದವು. 1950 ಮತ್ತು 60ರ ದಶಕದ ನಾಯಕಿ ಹಾಡಿನಲ್ಲಿ ಮೆಲ್ಲಗೆ ಕಿಲಕಿಲ ಎಂದರೆ ಹೆಚ್ಚು. ಬಾಯಿಬಿಟ್ಟು ನಗುವ ಹಾಡು ಕ್ಲಬ್ಬಿನ ನರ್ತಕಿಗೆ ಮೀಸಲು. ಗೀತಾ ದತ್, ಆಶಾ ಭೋಂಸ್ಲೆ ಅಂಥ ಹಾಡುಗಳಲ್ಲಿ ನಕ್ಕರು, ನಿಟ್ಟುಸಿರಿಟ್ಟರು. ದಕ್ಷಿಣದ ಭಾಷೆಗಳಲ್ಲಿ, ಕನ್ನಡದಲ್ಲೂ, ಈ ಕೆಲಸ ಹೆಚ್ಚಾಗಿ ಎಲ್. ಆರ್. ಈಶ್ವರಿಯವರ ಪಾಲಿಗೆ ಬಂತು. ನಿಮ್ಮ ಮನೆಯ ಹಿರಿಯರು ಅವರ ಹಾಡುಗಳನ್ನು ತುಸು ಮುಜುಗರದಿಂದಲೇ ಮೆಚ್ಚುತ್ತಿದ್ದರೆ ಆಶ್ಚರ್ಯಪಡಬೇಡಿ. ಕಥೆಯ ದೃಷ್ಟಿಯಿಂದ ಆ ಪಾತ್ರಗಳಿಗೆ ಬೆಲೆಯಿರಲಿಲ್ಲ; ಗಂಟಲಿನ ಕಸರತ್ತಿನ ದೃಷ್ಟಿಯಿಂದ ಅವು ನಾಯಕಿಯ ಹಾಡಿಗಿಂತ ಕಠಿಣ. ಆ ಕಾಲದಲ್ಲಿ ಗಾಯಕರು, ವಾದ್ಯವೃಂದ ಎಲ್ಲರೂ ಒಂದೇ ವೇಳೆಗೆ ಕೂಡಿ ಮುದ್ರಿಸುತ್ತಿದ್ದುದೇ ಹೆಚ್ಚು. ನಗು ಅರ್ಧ ಮಾತ್ರೆ ತಪ್ಪಿದರೂ ಪಿಟೀಲಿನವರು, ಢೋಲಕಿನವರು ಎಲ್ಲರೂ ಮೊದಲಿನಿಂದ ನುಡಿಸಬೇಕು.

ಗಂಡಸರಲ್ಲಿ ಈ ಕಟ್ಟಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದವರು ಕಿಶೋರ್ ಕುಮಾರ್. ನಾಯಕನೂ ಅವರೇ, ವಿದೂಷಕನೂ ಅವರೇ. 1962ರ 'ಹಾಫ್ ಟಿಕೆಟ್' ಚಿತ್ರದ ಯುಗಳಗೀತೆಯೊಂದರಲ್ಲಿ ಗಂಡುದನಿ ಹೆಣ್ಣುದನಿ ಎರಡನ್ನೂ ಅವರೇ ಹಾಡಿದರು. 1968ರ 'ಪಡೋಸನ್' ಅಂತೂ ಈ ಇಡೀ ವಿಷಯದ ಮೇಲೆ ತೆಗೆದ ಚಿತ್ರದಂತಿದೆ. ಸುನಿಲ್ ದತ್ ಕಿಟಕಿಯಲ್ಲಿ ನಿಂತು ತುಟಿ ಆಡಿಸುತ್ತಾರೆ, ಹಿಂದೆ ಅಡಗಿ ಹಾಡುವವರು ಕಿಶೋರ್. ಎದುರು ಮನೆಯಲ್ಲಿ ಮೆಹಮೂದ್. ಅವರ ದನಿ ಮನ್ನಾ ಡೇ. ಶಾಸ್ತ್ರೀಯವಾಗಿ ಪಳಗಿದ ಗಂಟಲು, ಶಾಸ್ತ್ರ ಕಲಿಯದ ಗಂಟಲಿನ ತುಂಟಾಟದ ಮುಂದೆ ಸೋಲಬೇಕು ಎಂಬುದು ಕಥೆ. ಮನ್ನಾ ಡೇ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2013ರಲ್ಲಿ ಅಲ್ಲಿಯೇ ತೀರಿಕೊಂಡರು. ಸೋಲುವವನ ಪಾತ್ರಕ್ಕೆ ಅಷ್ಟು ಚೆನ್ನಾಗಿ ಹಾಡುವುದು ಸಣ್ಣ ಮಾತಲ್ಲ. ಇನ್ನು ಕಿಶೋರರ ತುಂಟತನ ಕನ್ನಡದ ಮಾತಿನಲ್ಲಿ ಹೇಗಿರುತ್ತದೆಂದು ತಿಳಿಯಬೇಕಾದರೆ 1972ರ 'ಕುಳ್ಳ ಏಜೆಂಟ್ 000' ಚಿತ್ರದಲ್ಲಿ ದ್ವಾರಕೀಶ್ ಅವರಿಗೆ ಅವರು ಹಾಡಿದ್ದನ್ನು ಕೇಳಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ತೆರೆಯ ಮೇಲೆ ನಗುತ್ತಿರುವವರು ಯಾರು? ಮಾತಿನ ಭಾಗದಲ್ಲಿ ನಟಿ ತನ್ನದೇ ನಗು ನಗುತ್ತಾಳೆ, ಹಾಡು ಶುರುವಾದೊಡನೆ ಗಾಯಕಿಯ ನಗು. ಹಾಡುವ ದನಿಯ ವ್ಯತ್ಯಾಸವನ್ನು ನಾವು ಒಪ್ಪಿಕೊಳ್ಳುತ್ತೇವೆ, ನಗುವಿನದನ್ನು ಒಪ್ಪುವುದು ಕಷ್ಟ. ಹೊಲಿಗೆ ಕಾಣುವುದು ಅಲ್ಲಿಯೇ. 1961ರ 'ಜಂಗ್ಲಿ' ಚಿತ್ರದ ಹೆಸರಾಂತ ಹಾಡಿನಲ್ಲಿ ಹಾಡು ಮಹಮ್ಮದ್ ರಫಿಯವರದು, ಆದರೆ ನಡುವಿನ ಆ ಕೇಕೆ ಪ್ರಯಾಗ್ ರಾಜ್ ಅವರದು. ಮುಖ ಶಮ್ಮಿ ಕಪೂರ್. ಒಬ್ಬ ಮನುಷ್ಯನನ್ನು ಮಾಡಲು ಮೂವರು!

ಎಸ್. ಪಿ. ಬಾಲಸುಬ್ರಹ್ಮಣ್ಯಂ ಈ ಹೊಲಿಗೆ ಕಾಣದಂತೆ ಹಾಡಿದವರು. ಯಾವ ನಟನಿಗೆ ಹಾಡುತ್ತಿದ್ದಾರೋ ಅವನ ಮಾತಿನ ಧಾಟಿಯನ್ನು ಹಿಡಿದು, ಸಾಲಿನ ನಡುವೆ ಪದವನ್ನು ಒಡೆಯದೆ ನಕ್ಕು ಮುಂದೆ ಸಾಗುತ್ತಿದ್ದರು. ಕನ್ನಡದಲ್ಲಿ ಅವರು ಮೊದಲು ಹಾಡಿದ ಚಿತ್ರದ ಹೆಸರು 'ನಕ್ಕರೆ ಅದೇ ಸ್ವರ್ಗ', 1967ರದು. ಕಾಕತಾಳೀಯವೇ ಸರಿ. ಡಾ. ರಾಜ್‌ಕುಮಾರ್ ಅವರದು ಬೇರೆಯೇ ದಾರಿ. ನಾಟಕ ಕಂಪನಿಯಲ್ಲಿ ತಾವೇ ಆಡಿ, ತಾವೇ ಹಾಡಿ ಬಂದವರು. 1974ರ ನಂತರ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದಾಗ ಮಾತು, ನಗು, ಹಾಡು ಮೂರೂ ಒಂದೇ ಗಂಟಲಿಗೆ ಬಂದವು. 1977ರ 'ಬಭ್ರುವಾಹನ'ದಲ್ಲಿ ತಂದೆಮಗ ಹಂಗಿಸಿಕೊಳ್ಳುವ ಹಾಡನ್ನು ಕೇಳುವಾಗ, ಅರ್ಜುನನಿಗೆ ಹಾಡಿದ ಪಿ. ಬಿ. ಶ್ರೀನಿವಾಸ್ ಅವರ ದನಿಯನ್ನೂ ಬಭ್ರುವಾಹನನಿಗೆ ಹಾಡಿದ ರಾಜ್ ದನಿಯನ್ನೂ ಹೋಲಿಸಿ. ವ್ಯಂಗ್ಯ ಎಲ್ಲಿ ತುಟಿಯಲ್ಲಿದೆ, ಎಲ್ಲಿ ಗಂಟಲಿನಲ್ಲಿದೆ ಎಂದು ಗಮನಿಸಿ.

ತೆರೆಯ ಹಿಂದೆ ಕುಳಿತು ಎಲ್ಲರ ಪರವಾಗಿ ನಗುವ ಕಲೆ ಕೊಪ್ಪಳದ ಕಡೆಗೆ ಹೊಸದಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದನ್ನು ನೀವು ಕೇಳಿರಬಹುದು. ತೊಗಲುಬೊಂಬೆಯಾಟದಲ್ಲಿ ಬದುಕು ಕಳೆದ ಅವರಿಗೆ ಆಗ ವಯಸ್ಸು ತೊಂಬತ್ತು ದಾಟಿತ್ತು. ಆ ಆಟದಲ್ಲಿ ರಾಮ, ಸೀತೆ, ರಾವಣರ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಜೋಡಿ ನುಗ್ಗುತ್ತದೆ. ಬೊಂಬೆ ಆಡಿಸುವವರೇ ಪದ ಹೇಳಬೇಕು, ಮಾತಾಡಬೇಕು, ಬಂಗಾರಕ್ಕನ ಪರವಾಗಿ ನಗಬೇಕು, ಅದೇ ಉಸಿರಿನಲ್ಲಿ ಸೀತೆಯ ಶೋಕಕ್ಕೆ ಮರಳಬೇಕು. ಬಂಗಾರಕ್ಕನಿಗೆ ಹಲ್ಲು ಮುಚ್ಚಿಕೊಂಡು ನಗು ಎಂದು ಯಾರೂ ಹೇಳುವುದಿಲ್ಲ. ಅವಳು ಉತ್ತಮ ಪಾತ್ರವಲ್ಲವಷ್ಟೆ.

ಈ ಭಾಷಣವನ್ನು ಸಿದ್ಧಪಡಿಸುವಾಗ ಹುಲಿಹೈದರದ ಮುದ್ರಣಗಳನ್ನು ಮತ್ತೆ ಹುಡುಕಿದೆ. ತಾಲೀಮಿನ ವೇಳೆ ಯಂತ್ರ ಚಾಲೂ ಇದ್ದುದರಿಂದ ಆ ಮೊದಲ ನಗುವೂ ಅದರಲ್ಲಿತ್ತು. ಎಣಿಸಿದೆ: ಒಂಬತ್ತು 'ಹ'ಗಳು. ಎಂಟು ಮಾತ್ರೆಗೊಂದರಂತೆ ಕುಳಿತಿವೆ, ಒಂಬತ್ತನೆಯದು ಸಮ್‌ನ ಮೇಲೆ. ಎರಡು ಕಡೆ ಮಾತ್ರ ಧ್ವನಿ ಒಡೆದಿದೆ. ಆಮೇಲೆ ತಬಲಾದ ಹುಡುಗನ ನಗು, ಆಮೇಲೆ "ಆ ನಗು ಮಾತ್ರ ಬೇಡ" ಎನ್ನುವ ನನ್ನ ದನಿ.

ಪ್ರಸಾರಕ್ಕೆ ಒಪ್ಪಿಗೆ ಬೇಕಲ್ಲ, ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಹುಡುಗಿ ಈಗ ಪಿಯುಸಿಗೆ ಸೇರುವ ತಯಾರಿಯಲ್ಲಿದ್ದಾಳೆ. ತಾಯಿ ಮೊದಲು ಅನುಮಾನಿಸಿದರು.

"ಆಕಿ ನಕ್ಕಿದ್ದು ಟಿವ್ಯಾಗ ಬರ್ತದೇನ್ರಿ? ಮಂದಿ ಏನಂದಾರು?"

ನಾನು ಸುಮ್ಮನಿದ್ದೆ. ಆ ಕಡೆ ಮಗಳು ಏನೋ ಹೇಳಿದ್ದು ಕೇಳಿಸಿತು, ಅದಕ್ಕೆ ತಾಯಿ ನಕ್ಕದ್ದೂ ಕೇಳಿಸಿತು. ಸಾಕಷ್ಟು ಜೋರಾಗಿಯೇ.

"ಬರ್ಲಿ ಬಿಡ್ರಿ" ಎಂದರು.

ಈ ಭಾಷಣದ ಪ್ರಸಾರದಲ್ಲಿ ನನ್ನ ಮಾತಿಗೆ ಮೊದಲು ನೀವು ಕೇಳುವುದು ಆ ಒಂಬತ್ತು 'ಹ'ಗಳನ್ನೇ. ಒಡೆದ ಎರಡು ಕಡೆಗಳನ್ನು ತಿದ್ದಿಲ್ಲ.