ಮಾತೆಯ ಹಬ್ಬಕ್ಕೆ ತಂಗಡಿ ಹೂ
(ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)



ಇಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆಯ ಪಾದಕ್ಕೆ ಅರ್ಪಿಸಿದ್ದಾರೆ. ಬಹುಪಾಲು ಸೇವಂತಿಗೆ, ಅದೂ ಪೇಟೆಯಿಂದ ಕೊಂಡದ್ದು. ಯಡಿಯೂರಿನ ಸುತ್ತಲಿನ ಹೊಲದ ಬದುಗಳಲ್ಲಿ, ಕಲ್ಲುನೆಲದಲ್ಲಿ ಯಾರೂ ನೀರೆರೆಯದೆ ಹಳದಿಯಾಗಿ ಅರಳುವ ತಂಗಡಿ ಹೂ ಬುಟ್ಟಿಯಲ್ಲಿ ಕಾಣಲಿಲ್ಲ.

ಅದರಲ್ಲಿ ನಮ್ಮ ತಪ್ಪೂ ಇದೆ. ಕಳೆದ ವರ್ಷ ಹಬ್ಬಕ್ಕೆ ದೇವಾಲಯದ ಆವರಣ ಚೊಕ್ಕವಾಗಿರಲೆಂದು ಬೇಲಿಯ ತಂಗಡಿಯನ್ನು ಬುಡಸಮೇತ ಕೀಳಿಸಿ ಮುಳ್ಳುತಂತಿ ಬಿಗಿಸಿದೆವು. ಅದನ್ನು ಕಂಡ ಅಜ್ಜಿಯೊಬ್ಬರು, "ಸ್ವಾಮಿ, ಮಾತೆ ಹುಟ್ಟಿದ ದಿನಕ್ಕೆ ಅಂತ ದುಂಬಿ ಮನೆ ಒಲೆ ಆರಿಸಿಬಿಟ್ರಲ್ಲಾ" ಎಂದರು. ನಾವು ನಕ್ಕು ಸುಮ್ಮನಾದೆವು. ಈ ಬೇಸಿಗೆಯಲ್ಲಿ ಗುರುಮನೆಯ ಹಿತ್ತಲ ಬದನೆ, ಹೂ ಬಿಟ್ಟೂ ಕಾಯಿ ಕಚ್ಚದೆ ಉದುರಿತು. ಬಿಸಿಲೂ ಕಾರಣವಿರಬಹುದು. ಆದರೂ ಅಜ್ಜಿಯ ಮಾತು ನಮ್ಮನ್ನು ಬಿಡಲಿಲ್ಲ.

ಬದನೆ, ತಂಗಡಿ – ಇವುಗಳ ಕೇಸರದ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ ಇರುತ್ತದೆ. ಪರಾಗ ಒಳಗೆ ಅಡಗಿರುತ್ತದೆ. ಕಪ್ಪು ದುಂಬಿ ಹೂವನ್ನು ಅಪ್ಪಿಕೊಂಡು ಮೈ ಅದುರಿಸಿ ಝೇಂಕರಿಸಿದಾಗ ಅದು ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ಬದನೆ ಹೂ ಇಲ್ಲದ ದಿನಗಳಲ್ಲಿ ದುಂಬಿಗೆ ಊಟವೆಲ್ಲಿ? ನಿತ್ಯಹಸಿರಾದ ತಂಗಡಿ ಮಳೆ ಕೈಕೊಟ್ಟ ವರ್ಷವೂ ಹೂ ಬಿಡುತ್ತದೆ. ಹಳದಿ ಚಿಟ್ಟೆಗಳು ಅದರ ಎಲೆಯ ಮೇಲೆ ಮೊಟ್ಟೆಯಿಡುತ್ತವೆ. ದನ, ಮೇಕೆ ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ನಮ್ಮ ಹಿರಿಯರು ಅದರ ಸೊಪ್ಪನ್ನು ಗದ್ದೆಗೆ ಗೊಬ್ಬರ ಮಾಡಿದರು, ತೊಗಟೆಯಿಂದ ಚರ್ಮ ಹದ ಮಾಡಿದರು. ನಾವು ಅದನ್ನು ಕಳೆ ಎಂದೆವು.

ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದ ಒಂದು ಭಾಗವನ್ನು ಉಳದೆ, ಕಾಡುಹೂಗಳಿಗೆಂದೇ ಬಿಡಬೇಕೆಂದು ಹೇಳಿದ್ದರು. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಇದನ್ನು ನೆನಪಿಸಿದರು. ಅದೇ ಪತ್ರದಲ್ಲಿ ಪುಟ್ಟ ಕೀಟಗಳ ಅಳಿವಿನ ಬಗ್ಗೆಯೂ ಮರುಗಿದರು. ತೋಟದಲ್ಲಿ ಒಂದು ಮೂಲೆ ಬಿಡುವುದು ಸೋಮಾರಿತನವಲ್ಲ. ಇದೆಲ್ಲ ನಮ್ಮೊಬ್ಬರದೇ ಅಲ್ಲ ಎಂಬ ಒಪ್ಪಿಗೆ.

ಹಾಗಾದರೆ ನಾವೇನು ಮಾಡೋಣ? ತಂಗಡಿ ಕಾಯಿ ಒಣಗಿ ಕಂದಾದಾಗ ಬೀಜ ಬಿಡಿಸಿಟ್ಟುಕೊಳ್ಳೋಣ. ಬೀಜದ ಸಿಪ್ಪೆ ಗಟ್ಟಿ. ಮರಳಿನಲ್ಲಿ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮುಂಗಾರು ಹಿಡಿದಾಗ ಬೇಲಿ ಸಾಲಿನಲ್ಲಿ ಎರಡು ಮೂರು ಅಡಿಗೊಂದರಂತೆ ಊರೋಣ. ಮೊದಲ ಬೇಸಿಗೆ ದಾಟುವವರೆಗೆ ಆಗಾಗ ಒಂದು ಚೊಂಬು ನೀರು ಹಾಕೋಣ. ಬದುವಿಗೆ ಕಳೆನಾಶಕ ಹೊಡೆಯದಿರೋಣ. ಹೂ ಮುಗಿದ ಮೇಲೆ ತುದಿ ಸವರಿದರೆ ಗಿಡ ಪೊದೆಯಾಗಿ ತುಂಬಿಕೊಳ್ಳುತ್ತದೆ.

ಕಿತ್ತ ಜಾಗದಲ್ಲೇ ಈ ಮುಂಗಾರಿನಲ್ಲಿ ಬೀಜ ಹಾಕಿದ್ದೇವೆ. ಬೀಜ ಕೊಟ್ಟವರು ಅದೇ ಅಜ್ಜಿ. ಸಸಿಗಳು ಈಗ ಗೇಣುದ್ದ ಬಂದಿವೆ. ಬಲಿಪೂಜೆ ಮುಗಿದ ಮೇಲೆ ಮಕ್ಕಳು ಬಂದು ನೋಡಿ, ತುಳಿಯಬೇಡಿ. ಹೂ ಬಂದ ವರ್ಷ ಒಂದು ಹಿಡಿ ಮಾತೆಗೆ ತರೋಣ. ಉಳಿದದ್ದನ್ನು ದುಂಬಿಗೆಂದು ಗಿಡದಲ್ಲೇ ಬಿಡೋಣ. ಅದೂ ಅರ್ಪಣೆಯೇ.

ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.