ಅಗ್ಗದ ಹತ್ಯಾರ ಆರಿಸುವ ಬಗೆ

(ತುಬಚಿಯಲ್ಲಿ ರೈತರ ಮುಂದೆ ಆಡಿದ ಮಾತು)



ಹೋದ ವರ್ಷ ನನಗಾದ ಪೇಚಾಟವನ್ನೇ ಮೊದಲು ಹೇಳುತ್ತೇನೆ. ಸಂತೆಯಲ್ಲಿ ಒಂದು ಸಲಿಕೆ ಕೊಂಡೆ. ನೀಲಿ ಬಣ್ಣ, ಮೇಲೆ ಹೊಳೆಯುವ ಚೀಟಿ, ಬೆಲೆಯೂ ಕಡಿಮೆ. ಚೌಕಾಸಿ ಮಾಡಿ ಇನ್ನೂ ಹತ್ತು ರೂಪಾಯಿ ಇಳಿಸಿದೆನೆಂದು ಹಿಗ್ಗಿ ಮನೆಗೆ ಬಂದೆ. ಎಂಟು ದಿನ ಕಳೆದಿರಲಿಲ್ಲ. ನಡುರಾತ್ರಿ ಕರೆಂಟು ಬಂತು, ಪಂಪು ಚಾಲೂ ಆಯಿತು, ಕಬ್ಬಿನ ಹೊಲದ ಒಡ್ಡು ಒಡೆಯಿತು. ನಾಲ್ಕು ಸಲ ಮಣ್ಣು ಎಳೆಯುವಷ್ಟರಲ್ಲಿ ಸಲಿಕೆಯ ಅಲಗು ಕಿತ್ತು ಕೆಸರಿನಲ್ಲಿ ಉಳಿಯಿತು. ಕಾವು ನನ್ನ ಕೈಯಲ್ಲಿ. ನೀರು ನೆರೆಯವರ ಕಡಲೆಗೆ ನುಗ್ಗಿತು. ಮುಂಜಾನೆ ನೋಡಿದರೆ, ಕಾವು ತೂರಿಸುವ ಬಳೆಯನ್ನು ಅಲಗಿಗೆ ಎರಡೇ ಚುಕ್ಕೆ ವೆಲ್ಡಿಂಗಿನಿಂದ ಅಂಟಿಸಿ, ಮೇಲೆ ಬಣ್ಣ ಬಳಿದಿದ್ದರು. ನೆರೆಯವರು ದೊಡ್ಡ ಮನಸ್ಸಿನವರು, ಏನೂ ಅನ್ನಲಿಲ್ಲ. ಆದರೆ ಅವರ ಮುಖ ನೋಡಲು ನನಗೆ ತಿಂಗಳು ಹಿಡಿಯಿತು.

ಅಗ್ಗದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ತುಟ್ಟಿಯದನ್ನೇ ಕೊಳ್ಳಿರಿ ಎಂದರೆ ಸಣ್ಣ ಹಿಡುವಳಿಯವರು ಏನು ಮಾಡಬೇಕು? ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿ ಮಾರಲು ಹೊರಟಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದರಂತೆ. ಅಂದಿನವರು ಹೊಸದೆಂದು ಅಂಜಿದರು. ನಾವು ಹೊಸದೆಂದೇ ನಂಬಿಬಿಡುತ್ತೇವೆ. ಬಣ್ಣದ ಕೆಳಗೆ ಏನಿದೆ ಎಂದು ನೋಡುವವರು ಕಡಿಮೆ.

ನೋಡುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಹಳೆಯ ಅರದ ಒಂದು ಗೇಣುದ್ದದ ತುಂಡು ಕಿಸೆಯಲ್ಲಿರಲಿ. ಕುಡುಗೋಲಾಗಲಿ ಕೊಡಲಿಯಾಗಲಿ, ಬಾಯಿಯ ಅಂಚಿಗೆ ಮೂರು ಕಡೆ ಅದನ್ನು ಮೆಲ್ಲಗೆ ತಿಕ್ಕಿರಿ. ಅರ ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಅದು ಮೆತ್ತನೆಯ ಕಬ್ಬಿಣ, ಸಂಜೆಯೊಳಗೆ ಮೊಂಡಾಗುತ್ತದೆ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಬಿರುಸು. ಕಲ್ಲು ತಾಗಿದರೆ ಚಕ್ಕೆ ಹಾರುತ್ತದೆ. ಹಿಡಿದೂ ಹಿಡಿಯದಂತೆ ಇರುವುದೇ ಒಳ್ಳೆಯ ಹದ. ಅಂಚಿನಲ್ಲಿ ನೀಲಿಗಟ್ಟಿದ ಕಲೆ ಇದ್ದರೆ ಸಾಣೆಯಂತ್ರಕ್ಕೆ ಹಿಡಿದಾಗ ಅಲ್ಲಿ ಸುಟ್ಟು ಹದ ಹೋಗಿದೆ ಎಂದು ತಿಳಿಯಿರಿ. ಅಂಗಡಿಯವರು ಅರ ಹಚ್ಚಲು ಬಿಡದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಲಾರಿಯ ಹಳೆಯ ಕಮಾನುಪಟ್ಟಿಯಿಂದ ಕಂಬಾರರು ಬಡಿದುಕೊಡುವ ಕುಡುಗೋಲಿಗೆ ಚೆಲುವು ಕಡಿಮೆ. ಆದರೆ ಅದು ನಿಜವಾದ ಉಕ್ಕು. ಮೊಂಡಾದಾಗ ಮತ್ತೆ ಕಾಯಿಸಿ, ಬಡಿದು, ನೀರು ಕೊಟ್ಟರೆ ಹೊಸ ಬಾಯಿ ಬರುತ್ತದೆ. ಮೆತ್ತನೆಯ ಕಬ್ಬಿಣಕ್ಕೆ ಎಷ್ಟು ನೀರು ಕೊಟ್ಟರೂ ಹದ ಏರುವುದಿಲ್ಲ. ಲೆಕ್ಕಕ್ಕೆ ಹೀಗೆ ಹಿಡಿಯಿರಿ: 100 ರೂಪಾಯಿಯದು ಒಂದೇ ಹಂಗಾಮು ಬಂದು, 250 ರೂಪಾಯಿಯದು ಐದು ಹಂಗಾಮು ಬಂದರೆ, ಹಂಗಾಮಿಗೆ 50 ರೂಪಾಯಿ ಬಿದ್ದದ್ದೇ ಅಗ್ಗ.

ಕಬ್ಬು ಕಡಿಯುವ ಕೊಯ್ತಾದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೊಯ್ತಾ ಮೊಂಡಾದರೆ ಕಡಿಯುವವರು ನೆಲಮಟ್ಟಕ್ಕೆ ಬಗ್ಗಲಾರರು, ಮೇಲೆಯೇ ಏಟು ಹಾಕುತ್ತಾರೆ. ಕಬ್ಬಿನಲ್ಲಿ ಸಕ್ಕರೆ ಹೆಚ್ಚಿರುವುದು ಬುಡದ ಗಣಿಕೆಗಳಲ್ಲಿ. 7 ಅಡಿ ಕಬ್ಬಿನಲ್ಲಿ 3 ಅಂಗುಲ ಬುಡ ಹೊಲದಲ್ಲೇ ನಿಂತರೆ, 40 ಟನ್ ಬೆಳೆಯಲ್ಲಿ ಒಂದು ಟನ್ನಿಗಿಂತ ಹೆಚ್ಚು ಬಿಟ್ಟು ಬಂದಂತಾಯಿತು. ಸಾಲದ್ದಕ್ಕೆ ಕುಳೆಯೂ ಮೇಲಿನ ಕಣ್ಣಿನಿಂದ ಚಿಗುರಿ, ಬೇರು ಆಳಕ್ಕೆ ಇಳಿಯದೆ ಸೊರಗುತ್ತದೆ. ಹರಿತವಿಲ್ಲದ ಕೊಯ್ತಾ ಜಾರಿ ಮೊಣಕಾಲಿಗೆ ಬಿದ್ದ ಗಾಯಗಳನ್ನು ತಾವೂ ಕಂಡಿರುತ್ತೀರಿ.

ಕುರಪಿಯನ್ನು ಕೊಳ್ಳುವವರು ಗಂಡಸರು, ದಿನವೆಲ್ಲ ಹಿಡಿಯುವವರು ಹೆಂಗಸರು. ಇದು ನನಗೆ ಸರಿ ಕಾಣುವುದಿಲ್ಲ. ಅಂಗಡಿಗೆ ಅವರೇ ಬರಲಿ, ಹಿಡಿ ತಮ್ಮ ಮುಷ್ಟಿಗೆ ಕೂಡುತ್ತದೋ ಇಲ್ಲವೋ ನೋಡಲಿ. ಹಿಡಿಯೊಳಗೆ ಹೋದ ಕಬ್ಬಿಣದ ಬಾಲ ಗಿಡ್ಡದಿದ್ದರೆ ನಾಲ್ಕೇ ದಿನಕ್ಕೆ ಅಲಗು ಗರಗರ ತಿರುಗುತ್ತದೆ. ಹಿಡಿಯನ್ನು ಬಿಗಿಯಾಗಿ ಹಿಡಿದು ಅಲಗನ್ನು ಹೊರಳಿಸಿ ನೋಡಿರಿ. ಹಿಡಿಯ ಬಾಯಿಗೆ ಲೋಹದ ಉಂಗುರ ಇಲ್ಲದಿದ್ದರೆ ಕಟ್ಟಿಗೆ ಸೀಳುವುದು ಖಂಡಿತ.

ಸಲಿಕೆ, ಕೊಡಲಿಗಳ ಅಲಗಿಗೆ ಹಣ ಹಾಕಿರಿ, ಕಾವಿಗೆ ಹಾಕಬೇಡಿರಿ. ಕಾವು ನಮ್ಮ ಬದುವಿನ ಜಾಲಿಯಲ್ಲೇ ಇದೆ. ಕಡಿದು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಬಡಿಗೇರರಿಗೆ ಕೊಡಿರಿ; ಹಸಿಯದನ್ನು ಹಾಕಿದರೆ ಬೇಸಗೆಯಲ್ಲಿ ಕುಗ್ಗಿ ಸಡಿಲವಾಗುತ್ತದೆ. ಕಟ್ಟಿಗೆಯ ಗೆರೆಗಳು ಕಾವಿನ ಉದ್ದಕ್ಕೂ ಓಡಿರಬೇಕು. ಅಡ್ಡ ಹೊರಳಿ ಹೋದರೆ ಅಲ್ಲಿಯೇ ಮುರಿಯುತ್ತದೆ. ಸಡಿಲಾದ ಕಾವನ್ನು ರಾತ್ರಿ ನೀರಿನಲ್ಲಿ ನೆನೆಹಾಕುವ ರೂಢಿ ನಮ್ಮಲ್ಲಿದೆ, ನಾನೂ ಹಾಕಿದವನೇ. ಮುಂಜಾನೆ ಬಿಗಿಯಾಗುತ್ತದೆ ನಿಜ. ಆದರೆ ಉಬ್ಬಿದ ಕಟ್ಟಿಗೆ ಕಬ್ಬಿಣದ ಬಳೆಗೆ ಒತ್ತಿ ನಜ್ಜಾಗಿ, ಒಣಗಿದ ಮೇಲೆ ಮೊದಲಿಗಿಂತ ಸಡಿಲಾಗುತ್ತದೆ. ಅದರ ಬದಲು ಒಂದು ಬೆಣೆ ಬಡಿಯಿರಿ.

ಸಲಿಕೆಯ ಬಳೆಯ ಸುತ್ತ ಬಣ್ಣವನ್ನು ಉಗುರಿನಿಂದ ಕೆರೆದು ನೋಡಲು ಮರೆಯಬೇಡಿರಿ. ಬಳೆಯೂ ಅಲಗೂ ಒಂದೇ ಕಬ್ಬಿಣದಿಂದ ಬಡಿದದ್ದಾದರೆ ಉತ್ತಮ; ವೆಲ್ಡಿಂಗ್ ಇದ್ದರೆ ಅದು ಸುತ್ತಲೂ ತುಂಬಿರಬೇಕು. ನನ್ನ ಮುರುಕು ಸಲಿಕೆಯನ್ನು ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ, ಪಕ್ಕದಲ್ಲಿ ಎರಡು ಅರಗಳಿವೆ. ಮನೆಯಿಂದ ಕುಡುಗೋಲು, ಕುರಪಿ ತಂದವರು ಒಬ್ಬೊಬ್ಬರಾಗಿ ಮುಂದೆ ಬನ್ನಿರಿ, ತಿಕ್ಕಿ ನೋಡೋಣ.